ಇ-ಬುಕ್ ರೀಡರೂ ನನ್ನ ತುಟಿಯೂ

ನಮ್ಮ ಮನಿಯವರ ಕಿವೀನ ಬನಹಟ್ಟಿ ಮಗ್ಗಗಳು ತಿಂದುವು. ಕಣ್ಣನ್ನ ಸಕ್ಕರಿ ಬ್ಯಾನಿ ತಿನ್ನಾಕತ್ತೈತಿ. ಉಳಿದಷ್ಟು ಕಣ್ಣು ಯಾರಿಗಿ ಸೇರಬೇಕು, ಪುಸ್ತಕಕ್ಕೋ ನನಗೋ? ಹೋದ ವರ್ಷ ನನ್ನ ಹೊಟ್ಟಿಯೊಳಗ ನಡದ ಜಗಳ ಇದ. ಯಾರ ಮುಂದೂ ಬಾಯಿ ಬಿಡಲಿಲ್ಲ.

ಶೆಡ್ಡಿನ್ಯಾಗ ಪವರ್‌ಲೂಮ್ ಬಡ್ಯಾಕ ಹತ್ತಿದ್ರ ಮಗ್ಗಲದಾಗ ನಿಂತವರು ಚೀರಿದ್ರೂ ಕೇಳೂದಿಲ್ಲ. ಅದಕ್ಕ ಅಲ್ಲಿ ದುಡಿಯೂ ನಾವೆಲ್ಲಾ ತುಟಿ ನೋಡಿ ಮಾತು ತಿಳಕೋತೀವಿ. ದನಿ ಬೇಕಾಗಿಲ್ಲ. ಲಗ್ನ ಆದ ಹೊಸದಾಗಿ ಇವರು ಆ ಮಗ್ಗದಿಂದ ಈ ಮಗ್ಗಕ್ಕ ಏನೇನರ ಅಂತಿದ್ರು. ಅತ್ತಿ ನಡುವ ನಿಂತಿದ್ರೂ ಗೊತ್ತಾಗ್ತಿರಲಿಲ್ಲ, ಆಕಿ ಎಂದೂ ಮಗ್ಗಕ್ಕ ನಿಂತಾಕಿ ಅಲ್ಲ. ನಾ ನಾಚಿ, ಹರದ ಎಳಿ ಹುಡುಕಿದಂಗ ಮಾಡ್ತಿದ್ದೆ.

ಹಿಂಗಾಗಿ ಕಿವಿ ಪೂರಾ ಹೋದಾಗ ನಾವು ಅಷ್ಟೇನ ಹೌಹಾರಲಿಲ್ಲ. ಕಿವಿಗಿ ಹಚ್ಚೂ ಮಶೀನು ತಂದು ನೋಡಿದ್ವಿ. ಗದ್ದಲ ದೊಡ್ಡದಾತು, ಮಾತು ತಿಳೀಲಿಲ್ಲ. ಸುಡ್ಲಿ ಅಂತ ಪೆಟ್ಟಿಗ್ಯಾಗ ಒಗದೆ. ನನ್ನ ತುಟಿ ಇದ್ದುವಲ್ಲ! ಉಳಿದ ಹೊತ್ತಿಗಿ ಪುಸ್ತಕ. ಊರ ವಾಚನಾಲಯದಾಗ ಇವರು ಓದದ ಕಾದಂಬರಿ ಉಳಿದಿರಲಿಲ್ಲ.

ಆಮ್ಯಾಲ ಕಣ್ಣು ಮಂಜಾದುವು. ಜಮಖಂಡಿಯ ಕಣ್ಣಿನ ಡಾಕ್ಟರು, "ಹೋದ ದೃಷ್ಟಿ ಬರೂದಿಲ್ರೀ, ಇದ್ದದ್ದನ್ನ ಉಳಿಸ್ಕೊಳ್ರಿ" ಅಂದ್ರು. ಬಸ್ಸಿನ್ಯಾಗ ಬರುವಾಗ ಅದೊಂದ ಮಾತು ತಲ್ಯಾಗ. ಇದ್ದದ್ದು ಅಂದ್ರ ದೀಪದಾಗಿನ ಎಣ್ಣಿ ಇದ್ದಂಗ, ಉರಿಸಿದಷ್ಟು ತೀರತೈತಿ ಅಂತ ನಾ ತಿಳಕೊಂಡೆ.

ಜಮಖಂಡಿ ಕಾಲೇಜಿನ್ಯಾಗ ಕಲಿಸೂ ನಮ್ಮ ಅಣ್ಣನ ಮಗಳು ಇ-ಬುಕ್ ರೀಡರಿನ ಸುದ್ದಿ ತಗದಳು. "ಅತ್ತಿ, ಅಕ್ಷರಾ ಬೇಕಾದಷ್ಟು ದೊಡ್ಡವು ಮಾಡಬಹುದು. ಮೊಬೈಲಿನಂಗ ಕಣ್ಣಿಗಿ ಚುಚ್ಚೂದಿಲ್ಲ. ಕರೆಂಟ್ ಹೋದ್ರೂ ವಾರಗಟ್ಲೆ ನಡೀತೈತಿ. ಇಷ್ಟ ಹಗೂರ ಹಲಗ್ಯಾಗ ಕಪಾಟು ತುಂಬೂವಷ್ಟು ಪುಸ್ತಕ!"

ನಾ ಒಂದೊಂದಕ್ಕೂ ಅಡ್ಡಗಾಲು ಹಾಕ್ಕೋಂತ ಬಂದೆ. ಕನ್ನಡದ್ದು ಅದರಾಗ ಎಷ್ಟು ಸಿಗತಾವು? ಇವರಿಗಿ ಬೇಕಾದ ಹಳೇವು ಬಂದಾವೇನು? ಕೈ ಜಾರಿ ಬಿದ್ರ? ಓದಿ ಮುಗಿಸಿದ್ದನ್ನ ಗೆಳ್ಯಾರಿಗಿ ಕೊಡೂದು ಹೆಂಗ, ಹಲಗೀನ ಎತ್ತಿ ಕೊಡಬೇಕೇನು? ಹಳೇವು ಭಾಳ ಇಲ್ಲಂತ ಆಕೀನೂ ಒಪ್ಪಿದಳು. "ಇರೂವನ್ನರ ಓದಲಿ ಬಿಡು ಅತ್ತಿ."

ನಾ ಹೇಳಿದ್ದೆಲ್ಲಾ ಖರೇನ. ಆದ್ರ ನನ್ನ ಕಾರಣ ಅದಲ್ಲ. ಅಕ್ಷರಾ ಕಂಡುವಂದ್ರ ಇವರು ಹಗಲೆಲ್ಲಾ ಅದರಾಗ ಮುಖ ಇಡ್ತಾರ, ಇದ್ದ ಎಣ್ಣಿ ಅಲ್ಲೇ ತೀರತೈತಿ, ನನ್ನ ತುಟಿಗಿ ಏನೂ ಉಳಿಯೂದಿಲ್ಲ. ಪುಸ್ತಕದ ಮ್ಯಾಲ ಹೊಟ್ಟಿಕಿಚ್ಚು ಪಡೂ ಹೆಂಗಸು ಎಲ್ಲೆರ ಇದ್ದಾಳೇನು? ನಾ ಇದ್ದೆ.

ಓದಿ ಓದಿ ಇದ್ದ ಕಣ್ಣೂ ತೀರಿದ್ರ ಅಂತಷ್ಟ ಆಕೀನ್ನ ಕೇಳಿದೆ. "ಓದಿದ್ರ ಕಣ್ಣು ಖರ್ಚಾಗೂದಿಲ್ಲ ಅತ್ತಿ" ಅಂತ ಆಕಿ ನಕ್ಕಳು. ನಾ ನಂಬಲಿಲ್ಲ. ನೋಡೂಣು ತಡಿ ಅಂತ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ತಿಂಗಳುಗಟ್ಲೆ ದೂಡಿದೆ. ತರಸೂಣೇನ್ರಿ ಅಂತ ಇವರನ್ನ ಕೇಳಿದ್ರ "ಹೂಂ" ಅಂತಿದ್ರು. ಬ್ಯಾಡಾ ಅಂದ್ರೂ "ಹೂಂ". ಈಗೀಗ ನಾ ಹೇಳಿದ್ದಕ್ಕೆಲ್ಲಾ ಹೂಂ ಅಂತಾರ, ವಯಸ್ಸಾತು, ಜಗಳ ಸಾಕಾಗೈತಿ ಅಂತ ಒಳಗೊಳಗ ಖುಷಿ ಪಟ್ಟಿದ್ದೆ.

ಒಂದು ಐತಾರ ಆಕಿ ತನ್ನ ರೀಡರ್ ಹಿಡಕೊಂಡ ಬಂದಳು. ಕಟ್ಟಿ ಮ್ಯಾಲ ಬಿಸಲಿಗಿ ಕುಂತಿದ್ದ ಇವರ ಕೈಯಾಗಿಟ್ಟು ಅಕ್ಷರಾ ದೊಡ್ಡವು ಮಾಡಿದಳು. ಇವರು ಕಾಣಂಗಿಲ್ಲಂತ ತಲಿ ಅಲ್ಲಾಡಿಸಿದ್ರು. ಇನ್ನೂ ದೊಡ್ಡವು. ಇನ್ನೂ. ಕಡೀಕ ಹಲಗಿ ತುಂಬ ನಾಕೈದು ಶಬ್ದ ಉಳದುವು. ಆವಾಗ ಇವರು ಬೊಟ್ಟಿಟ್ಟು, ಒಂದನೇತ್ತೆ ಹುಡುಗರಂಗ ಒಂದೊಂದ ಅಕ್ಷರ ಕೂಡಿಸಿ ಜೋರಾಗಿ ಓದಿದ್ರು. ಮುಖ ಅರಳಿತು. ಆಕಿ ಖುಷೀಲೆ ಚಾ ಕಾಸಾಕ ಒಳಗ ಹೋದಳು.

ಹೆಬ್ಬೆಟ್ಟಿನಷ್ಟ ಅಕ್ಷರಾ, ಅದೂ ಮೂಗಿಗಿ ಹಿಡಕೊಂಡು, ಹಿಂಗ ಓದೂ ಮನುಷ್ಯಾಗ ಎದುರಿಗಿ ಕುಂತ ನನ್ನ ತುಟಿ ಹೆಂಗ ಕಾಣಾಕತ್ತಾವು?

ಯಾವತ್ತೂ ಕೂಡೂ ಜಾಗಾದಾಗ, ಇವರ ಎದುರಿಗಿ ಕುಂತೆ. ಮೊಣಕಾಲು ಮುಟ್ಟಿದೆ. ಇವರು ಮುಖ ಎತ್ತಿದ್ರು. ಶೆಡ್ಡಿನ್ಯಾಗ ಆಡಿದಂಗ ಬರೇ ತುಟಿ ಆಡಿಸಿದೆ.

"ನಾ ನಾಳೆ ಸಾಯ್ತೀನ್ರಿ."

ಇವರು ನನ್ನ ಮುಖದ ಕಡೆ ನೋಡಿ ನಕ್ಕರು. "ಹೂಂ" ಅಂದ್ರು. "ಛಲೋ ಆತು."

ಅಳು ಬಂತು. ಸಿಟ್ಟೂ ಬಂತು. ಕಾಣೂದಿಲ್ಲಂತ ಒಂದು ಮಾತು ಹೇಳಬಾರದಿತ್ತೇನು? ಎಷ್ಟು ದಿನದಿಂದ ನಾ ಯಾರ ಮುಂದ ಮಾತಾಡಾಕತ್ತಿದ್ದೆ? ಇವರು ನಕ್ಕೋಂತನ ಮತ್ತ ಹಲಗೀನ ಮೂಗಿಗಿ ಹಿಡಕೊಂಡ್ರು.

ಸೆರಗಿಲೆ ಮುಖ ಒರಸ್ಕೊಂಡು ಒಳಗ ಹೋದೆ. "ನಾಳೇನ ತರಸವಾ" ಅಂದೆ.

ಅಣ್ಣನ ಮಗಳು ಚಾ ಸೋಸೂದು ಬಿಟ್ಟು ಹೊಳ್ಳಿ ನೋಡಿದಳು. "ಇಷ್ಟು ದಿನ ಬ್ಯಾಡ ಬ್ಯಾಡ ಅಂತಿದ್ದೆಲ್ಲ ಅತ್ತಿ?"

"ಇನ್ನ ನಂದೇನೂ ಅಡ್ಡಿ ಇಲ್ಲವಾ" ಅಂದೆ.