ಯಮನ ಬಂಗಲೆಯಲ್ಲಿ ತಂಗಿದ್ದು ಬಂದ ಮಾವ

ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ ಆ ಬೆಳಿಗ್ಗೆ ನಮ್ಮ ಕಡೆಯವರು ಒಂದು ಮೆಟಡೋರ್ ತುಂಬ ಇದ್ದೆವು. ತೀರಿಕೊಂಡ ಚಿಕ್ಕಪ್ಪನ ತಿಥಿಗೆಂದು ಶೀಳನೆರೆಯಿಂದ ಹೊರಟು ಬಂದವರು. ಚಿಕ್ಕಮ್ಮ, ಅವರ ಒಬ್ಬಳೇ ಮಗಳು, ನಮ್ಮಪ್ಪ, ಜೊತೆಗೆ ಕಿರಂಗೂರಿನಿಂದ ಬಂದು ಸೇರಿಕೊಂಡಿದ್ದ ಅಪ್ಪನ ಸೋದರತ್ತೆ, ನಮಗೆಲ್ಲ ಅಜ್ಜಿ. ಚಿಕ್ಕಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಪಿಂಡ ಇಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒದ್ದೆ ಪಂಚೆಯಲ್ಲಿ ಕೂತಿದ್ದೆ. ಪಿಂಡದ ಎಲೆಯ ಪಕ್ಕದಲ್ಲೇ, ಪುರೋಹಿತರಿಗಿಂತ ಮುಂದೆ, ಹೆಗಲ ಟವಲನ್ನು ಕೈಗೆ ತೆಗೆದುಕೊಂಡು ನಿಂತಿದ್ದವರು ಪಾಂಡವಪುರದ ಮಾವ, ಅಂದರೆ ಚಿಕ್ಕಪ್ಪನ ಅಕ್ಕನ ಗಂಡ. ಅತ್ತೆಗೆ ಮಂಡಿನೋವು, ಬಂದಿರಲಿಲ್ಲ. ಅತ್ತೆ ಬಂದಿದ್ದರೆ ಮಾವ ಅಷ್ಟು ಮಾತಾಡುತ್ತಿರಲಿಲ್ಲ.

ಈ ಮಾವನ ಹಿರಿಮೆಯನ್ನು ಮೊದಲು ಹೇಳಬೇಕು. ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ ಅವರಿಗೆ ವಿಷಮಶೀತ ಜ್ವರ ಬಂದು, ಎರಡು ದಿನ ಎಚ್ಚರ ತಪ್ಪಿತ್ತು. ಕಣ್ಣು ಬಿಟ್ಟವರೇ, ತಾವು ಯಮಧರ್ಮರಾಯನ ಕೋರ್ಟಿಗೆ ಹೋಗಿ ಬಂದದ್ದಾಗಿ ಸಾರಿದರು. ಅದೂ ಅಪರಾಧಿಯಾಗಿ ಅಲ್ಲ, ನೆಂಟನಾಗಿ. ವಿಚಾರಣೆಗೆ ಬಂದವರು ಮುಂಬಾಗಿಲಲ್ಲಿ ಸಾಲು ನಿಲ್ಲಬೇಕಂತೆ. ಮಾವನಂಥ ಗಣ್ಯರಿಗೆ ಪಕ್ಕದಲ್ಲೇ ಸುಣ್ಣ ಬಳಿದ ಬಂಗಲೆ. ಮುಂದೆ ವರಾಂಡ, ವರಾಂಡದಲ್ಲಿ ಬೆತ್ತದ ಕುರ್ಚಿ, ಎರಡು ಹೊತ್ತು ಕಾಫಿ. ಕೇಳಿದವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಅದು ಪಾಂಡವಪುರದ ಪ್ರವಾಸಿ ಮಂದಿರವೇ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಮಾವ ಒಳಗೆ ಕಾಲಿಟ್ಟಿದ್ದ ದೊಡ್ಡ ಕಟ್ಟಡ ಅದೊಂದೇ. ಯಾರೋ ಮಂತ್ರಿಗೆ ಹಾರ ಹಾಕಲು ಹೋಗಿದ್ದರು.

ಆಮೇಲೆ ಅಲ್ಲಿಂದ ಆಗಾಗ ಕರೆ ಬರತೊಡಗಿ, ಊರಿನ ಸತ್ತವರ ಸಮಾಚಾರವೆಲ್ಲ ಮಾವನ ಕೈಗೆ ಬಂತು. ಗದ್ದೆ ಬದುವಿನ ಜಗಳದಲ್ಲಿ ಎದುರು ನಿಂತವನು ಎಣ್ಣೆ ಬಾಣಲೆಯಲ್ಲಿದ್ದ. ಕರೆದು ಬಾಡೂಟ ಹಾಕುತ್ತಿದ್ದವನು ಉಯ್ಯಾಲೆಯ ಮೇಲಿದ್ದ. ಯಮನ ನ್ಯಾಯ ಮಾವನ ಹೊಟ್ಟೆಗೂ ಸಿಟ್ಟಿಗೂ ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದನ್ನು ನೋಡಿ ನನಗೆ ಯಮನ ಮೇಲೆಯೇ ಗೌರವ ಕಡಿಮೆಯಾಗಿತ್ತು.

ಹೊಳೆಯ ದಡದಲ್ಲಿ ಪಿಂಡ ಇಟ್ಟದ್ದಾಯಿತು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಮನೆಯವರು ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಹೇಳಬೇಕು. ಪಿಂಡದ ಮುಂದೆ ಆಡಿದ ಮಾತಿಗೆ ತಪ್ಪುವವರು ನಮ್ಮಲ್ಲಿಲ್ಲ. ಪಕ್ಕದ ಮನೆತನದವರ ಪಿಂಡಕ್ಕೆ ಕಾಗೆಗಳು ಮುಗಿಬಿದ್ದಿದ್ದವು. ನಮ್ಮ ಎಲೆಯ ಕಡೆ ಒಂದೂ ಇಳಿಯಲಿಲ್ಲ.

ಮಾವ ಟವಲು ಬೀಸಿ ಶುರುಮಾಡಿದರು. "ನಂಗೊತ್ತು ಕಣ್ರಪ್ಪ ಯಾಕೆ ಬತ್ತಿಲ್ಲ ಅಂತ. ರಾತ್ರಿ ನಂಗೆ ಕರೆ ಬಂದಿತ್ತು. ಓಗಿದ್ದೆ. ಬಾಮೈದ ಅಲ್ಲೇ ಬಂಗಲೆ ವರಾಂಡದಲ್ಲಿ ಕುಂತವ್ನೆ. ತೀರ್ಪೇ ಆಗಿಲ್ಲ. ಮಗಳನ್ನ ಸೋದರತ್ತೆ ಮಗಂಗೆ ಕೊಡ್ನಿಲ್ವಲ್ಲ ಅಂತ ಅಳ್ತಾವ್ನೆ."

ಸೋದರತ್ತೆ ಮಗ ಎಂದರೆ ಮಾವನ ಸ್ವಂತ ಮಗ. ಎತ್ತಿಗೆ ಗೂಟದಲ್ಲಿ ಬಡಿದು ಅದರ ಕಾಲು ಮುರಿದ ಭೂಪ. ಚಿಕ್ಕಪ್ಪ ಬದುಕಿದ್ದಾಗಲೇ ಅವನಿಗೆ ಹೆಣ್ಣು ಕೊಡುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳಿ, ನಾಗಮಂಗಲದ ಕಡೆಯ ದೇವಲಾಪುರದ ಹುಡುಗನಿಗೆ ಮಾತು ಕೊಟ್ಟಿದ್ದರು. ಹುಡುಗನ ಕಡೆಯವರು ಬಂದು ಹೆಣ್ಣಿಗೆ ಹೂವನ್ನೂ ಮುಡಿಸಿ ಹೋಗಿದ್ದರು. ಹುಡುಗಿಗೂ ಅವನೇ ಇಷ್ಟ. ಈಗ ಚಿಕ್ಕಮ್ಮ ಪಿಂಡದ ಮುಂದೆ ಒಂದು ಮಾತು ಆಡಿಬಿಟ್ಟರೆ ಅದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿ ತಾಯಿಯ ಸೆರಗನ್ನು ಹಿಡಿದುಕೊಂಡಳು.

ಅಜ್ಜಿ ಎಲೆಅಡಿಕೆ ಉಗಿದು ಕೇಳಿದರು. "ಅಲ್ಲ ಅಳಿಮಯ್ಯ, ಅಷ್ಟು ಸಲ ಓಗ್ಬಂದಿದ್ದೀಯಲ್ಲ, ಆ ಯಮನ ಕೋಣನ್ನ ಎಲ್ಲಿ ಕಟ್ತಾರೆ?"

"ಇಂದ್ಗಡೆ ಕೊಟ್ಟಿಗೆ ಅದೆ ಕಣತ್ತೆಮ್ಮ."

"ಸಗಣಿ ಯಾರು ಬಾಚ್ತಾರೆ?"

"ಅದ್ಕೆಲ್ಲ ಆಳವ್ರೆ."

"ನಿಂಗೆ ಊಟಕ್ಕೇನಿಕ್ಕುದ್ರು?"

"ಮುದ್ದೆ, ಇದುಕಿದ ಅವರೆಬೇಳೆ ಸಾರು."

"ಈ ಬ್ಯಾಸ್ಗೇಲಿ ಅವರೆಕಾಯಾ?"

"ಅಲ್ಲಿ ಎಲ್ಲಾ ಕಾಲ್ದಲ್ಲೂ ಬುಡ್ತದೆ."

"ಅಂಗಾದ್ರೆ ವಾಪಸ್ ಯಾಕ್ಲಾ ಬಂದೆ? ಅಲ್ಲೇ ಉಂಡ್ಕಂಡು ಇರ್ಬೋದಿತ್ತು."

ಮೆಟಡೋರಿನ ಡ್ರೈವರು ಕಿಸಕ್ಕೆಂದ. ಪುರೋಹಿತರು ನಗಲಿಲ್ಲ, ಅವರಿಗಾಗಿ ಇನ್ನೂ ಮೂರು ಮನೆಯವರು ಕಾಯುತ್ತಿದ್ದರು. "ಹೇಳಿಬಿಡಿ ತಾಯಿ, ಏನೋ ಒಂದು. ಹೊತ್ತಾಗತ್ತೆ," ಎಂದರು. ಮಂತ್ರ ಹೇಳುವವರ ಆತುರ ನೋಡಿದರೆ ಸತ್ತವನಿಗೂ ಬಸ್ಸು ಹಿಡಿಯಬೇಕೇನೋ ಅನ್ನಿಸಬೇಕು. ನಮ್ಮಪ್ಪನಂತೂ, ಒಡಹುಟ್ಟಿದ ತಮ್ಮ ಯಮನ ವರಾಂಡದಲ್ಲಿ ಕೂತು ಅಳುತ್ತಿದ್ದಾನೆ ಅಂದ ಕೂಡಲೇ ಕರಗಿಹೋಗಿದ್ದರು. ಬದುಕಿದ್ದಾಗ ಆ ತಮ್ಮನ ಮಾತನ್ನು ಒಂದು ದಿನವೂ ಪೂರ್ತಿ ಕೇಳಿದವರಲ್ಲ. "ಹೇಳ್ಬುಡವ್ವ. ಅವನ ಜೀವ ಅಲ್ಲಿ ಒದ್ದಾಡದು ಬ್ಯಾಡ," ಎಂದು ಕಣ್ಣು ಒರೆಸಿಕೊಂಡರು.

ಮಾವ ಇನ್ನೊಂದು ಹೆಜ್ಜೆ ಮುಂದೆ ಬಂದು, ಟವಲನ್ನು ಆಕಾಶಕ್ಕೆ ಬೀಸಿ, "ಚಿತ್ರಗುಪ್ತ ನನ್ನ ಎದುರ್ಗೇ ಅಂದ, ನಿಮ್ಮೋರ್ಗೆ ಏಳಪ್ಪ ಅಂತ," ಎಂದರು.

ಚಿಕ್ಕಮ್ಮ ಸೆರಗು ಹೊದ್ದು ಎಲೆಯ ಮುಂದೆ ಬಂದು ಕೈಮುಗಿದರು. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು.

"ನೋಡಿ," ಎಂದರು ಚಿಕ್ಕಮ್ಮ, ಪಿಂಡಕ್ಕೆ. "ದೇವಲಾಪುರದೋರ್ಗೆ ಮಾತು ಕೊಟ್ಟಿದ್ದು ನೀವು. ಬದುಕಿದ್ದಾಗ ಆಡಿದ್ ಮಾತ್ನ ಅಲ್ಲೋಗಿ ಕುಂತ್ಕಂಡು ಬದ್ಲಾಯ್ಸೋ ಗಂಡ್ಸಲ್ಲ ನೀವು. ನಾನು ಒಸ್ದಾಗಿ ಏನೂ ಏಳಲ್ಲ. ಹಸ್ದಿದ್ದೀರಿ, ಬಂದು ಉಣ್ಣಿ."

ಹೀಗೆ ಹೇಳಿ ಮಾವನ ಕಡೆ ತಿರುಗಿದರು. "ಅಣ್ಣ, ನೀವು ಎಲೆ ಮುಂದೆ ನಿಂತ್ಕಂಡು ಆ ಟವಲ್ನ ಇಂಗೆ ಬೀಸ್ತಿದ್ರೆ ಕಾಗೆ ಎಂಗೆ ಬತ್ತದೆ? ಗದ್ದೇಲಿ ಬೆರ್ಚಪ್ಪ ನಿಲ್ಸ್ದಂಗೆ ನಿಂತಿದ್ದೀರಿ. ಈಚೆ ಬನ್ನಿ."

ನಾವೆಲ್ಲ ಹೊಳೆಯನ್ನೂ ಆಕಾಶವನ್ನೂ ಯಮಲೋಕವನ್ನೂ ನೋಡಿದ್ದೆವು, ಆ ಟವಲನ್ನು ನೋಡಿರಲಿಲ್ಲ. ಡ್ರೈವರು ಬಂದು ಮಾವನ ತೋಳು ಹಿಡಿದು ಮೆಟ್ಟಿಲಿನ ಮೇಲಕ್ಕೆ ಕರೆದುಕೊಂಡು ಹೋದ. ಅವರು ಕೂರುವಷ್ಟರಲ್ಲಿ ಅತ್ತಿಮರದಿಂದ ಒಂದು ಕಾಗೆ ಇಳಿಯಿತು, ಅದರ ಹಿಂದೆ ಇನ್ನೆರಡು. ಪಿಂಡ ಚೂರುಚೂರಾಯಿತು. ಚಿಕ್ಕಮ್ಮ ಆಗ ಅತ್ತರು.

"ಯಮ ಬುಟ್ರೂ ನೀನು ಬುಡಲ್ವಲ್ಲೋ ನಮ್ ಹೈದನ್ನ," ಎಂದರು ಅಜ್ಜಿ ಮಾವನಿಗೆ.

ಬೇರೆ ಯಾರಾದರೂ ಆಗಿದ್ದರೆ ಆವತ್ತಿಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಮಾವ ಮಾತ್ರ ಹಿಂದಿರುಗುವ ದಾರಿಯಲ್ಲಿ, ಪಾಂಡವಪುರ ಬರುವ ಮುಂಚೆಯೇ, ತೀರ್ಪು ಇದೀಗ ಆಯಿತೆಂದೂ ತಮ್ಮ ಶಿಫಾರಸ್ಸಿನಿಂದಲೇ ಆಯಿತೆಂದೂ ಹೇಳಿದರು. ಅವರನ್ನು ಅವರ ಊರಿನ ಬಸ್ ನಿಲ್ದಾಣದಲ್ಲಿ ಇಳಿಸಿ ಹೊರಟೆವು.

ಮುಂದಿನ ಮಾಘದಲ್ಲಿ ದೇವಲಾಪುರದಲ್ಲಿ ಹುಡುಗಿಯ ಮದುವೆಯಾಯಿತು. ಅತ್ತೆ ಮಂಡಿನೋವಿದ್ದರೂ ಬಂದು, ಸೋದರತ್ತೆಯಾಗಿ ತಾನು ಮಾಡಬೇಕಾದ ಶಾಸ್ತ್ರಗಳನ್ನೆಲ್ಲ ಮಾಡಿದರು. ಚಿಕ್ಕಮ್ಮ ಮಗಳನ್ನು ಬಿಟ್ಟು ಸಂಜೆಯ ಬಸ್ಸಿಗೆ ಶೀಳನೆರೆಗೆ ವಾಪಸಾಗಿ, ಸೀರೆ ಬದಲಾಯಿಸಿ, ಹಾಲು ಕರೆಯಲು ಕೊಟ್ಟಿಗೆಗೆ ಹೋದರು.