ದಂಡೆಯ ನಾಯಿಗಳಿಗೆ ಗೊತ್ತಿದ್ದದ್ದು

ಆ ನಾಯಿ ನಮ್ಮ ಮನೆಗೆ ಬಂದು ಒಂದು ವಾರವೂ ಆಗಿರಲಿಲ್ಲ. ನಾನು ಕೆಲಸ ಮಾಡುವ ಅಂಕೋಲೆಯ ಕಚೇರಿಯಲ್ಲಿ ಪಕ್ಕದ ಮೇಜಿನವರು ರಾಮನಗುಳಿಯವರು. ಅವರು ಅಂಕೋಲೆಯಲ್ಲಿ ಬಾಡಿಗೆ ಮನೆ ಹಿಡಿದಾಗ ಮನೆಯೊಡೆಯ ನಾಯಿ ಬೇಡವೆಂದ. ಅವರು ಚಹಾ ಕುಡಿಯುವಾಗಲೆಲ್ಲ ನಾಯಿಯ ಗುಣಗಾನ ಮಾಡಿ ಮಾಡಿ ಕೊನೆಗೆ ಅದನ್ನು ನನ್ನ ತಲೆಗೆ ಕಟ್ಟಿದರು. ತಲೆಗೆ ಕಟ್ಟಿದರು ಎಂದು ಈಗ ಹೇಳುತ್ತೇನೆ, ಆಗ ಕುಣಿದುಕೊಂಡು ಹೋಗಿ ತಂದವಳು ನಾನೇ.

ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ನಾನು ಮತ್ತು ಆಯಿ, ಅಂದರೆ ನನ್ನಮ್ಮ. ಗೋಡೆಗೆ ಗೋಡೆ ತಾಗಿಕೊಂಡು ಕಾಕಾನ ಮನೆ. ಕಾಕಾ ಇವತ್ತಿಗೂ ಬಲೆ ಎಳೆಯುವವನು. ಸಿಕ್ಕ ಮೀನನ್ನು ತನ್ನ ಟೆಂಪೋದಲ್ಲಿ ಪೇಟೆಗೆ ಒಯ್ಯುವವನೂ ಅವನೇ. ನಾಯಿಯನ್ನು ನೋಡಿದ ಕೂಡಲೆ ಆಯಿ ಬಾಗಿಲಲ್ಲೇ ಶುರುಮಾಡಿದಳು.

"ಬೇರೆ ಯಂತದೂ ಸಿಗ್ಲಿಲ್ವೇ ತರೂಕೆ? ಘಟ್ಟದ ನಾಯಿ ತಂದ್ಯಲ್ಲೆ!"

ರಾಮನಗುಳಿ ಇರುವುದು ಘಟ್ಟದ ಕೆಳಗೆ. ಆದರೆ ಆಯಿಯ ಲೆಕ್ಕದಲ್ಲಿ ಕರಾವಳಿಯ ಹೆದ್ದಾರಿ ಬಿಟ್ಟು ಬಾಳೆಗುಳಿಯಲ್ಲಿ ಒಳಗೆ ತಿರುಗಿದರೆ ಮುಂದೆಲ್ಲ ಘಟ್ಟವೇ. ಹೀಗೆ ಬೈದವಳು ಅದೇ ಮಧ್ಯಾಹ್ನ ನನಗೆ ಎತ್ತಿಟ್ಟ ಬಂಗಡೆಯ ತುಂಡನ್ನು ಮುಳ್ಳು ಬಿಡಿಸಿ ಅದಕ್ಕೆ ಹಾಕಿದಳು. ಅದೂ ಕಂಡರಿಯದವರ ಹಾಗೆ ತಿಂದಿತು. ಗಂಗಾವಳಿ ಹೊಳೆಯ ಮೀನು ತಿಂದು ಬೆಳೆದ ಜೀವ. ನೀರಿನಲ್ಲಿ ಸಿಕ್ಕಿದ್ದೆಲ್ಲ ತಿನ್ನುವಂಥದೇ ಎಂದು ಅದು ತಿಳಿದಿದ್ದರೆ ತಪ್ಪೇನು?

ಭಾನುವಾರ ಬೆಳಿಗ್ಗೆ ಅದನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ಕಾಕಾನ ಗುಂಪು ಆಗಷ್ಟೇ ಬಲೆ ಎಳೆದು ಮುಗಿಸಿತ್ತು. ಹೆಂಗಸರು ಬುಟ್ಟಿ ಇಟ್ಟುಕೊಂಡು ಮೀನು ಆರಿಸುತ್ತಿದ್ದರು. ನಾಯಿ ಮೊದಲು ತೆರೆಗಳನ್ನು ಬೊಗಳಿ ಓಡಿಸಲು ನೋಡಿತು. ತೆರೆ ಹಿಂದೆ ಸರಿದಾಗ ಗೆದ್ದೆನೆಂದು ನನ್ನ ಕಡೆ ತಿರುಗಿ ಬಾಲ ಆಡಿಸಿತು. ನಾನು ನಕ್ಕೆ, ಹಗ್ಗ ಬಿಚ್ಚಿದೆ. ನಮ್ಮ ದಂಡೆಯಲ್ಲಿ ಯಾರೂ ನಾಯಿ ಕಟ್ಟುವುದಿಲ್ಲ.

ಬಲೆಗೆ ಬೀಳುವ ಮೀನಿನಲ್ಲಿ ಒಂದು ಜಾತಿಯದುಂಟು, ಮುಟ್ಟಿದರೆ ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಮೀನು. ಪೂರಾ ವಿಷ. ನೀರಿಗೆ ಬಿಟ್ಟರೆ ಮತ್ತೆ ಬಲೆಗೇ ಬಂದು ಹಲ್ಲಿನಿಂದ ನೂಲು ಕಡಿಯುತ್ತದೆಂದು ನಮ್ಮವರು ಅದನ್ನು ನೀರಿಗೆ ಬಿಡುವುದಿಲ್ಲ, ಮೇಲೆ ಒಣಮರಳಿಗೆ ಎಸೆಯುತ್ತಾರೆ. ಅಲ್ಲೇ ಬಿದ್ದು ಒಣಗುತ್ತದೆ. ಕಾಗೆ ಮುಟ್ಟುವುದಿಲ್ಲ, ನಾಯಿ ಮೂಸಿಯೂ ನೋಡುವುದಿಲ್ಲ. ತಲೆತಲಾಂತರದಿಂದ ಹೀಗೇ. ಅಷ್ಟೊಂದು ಜನ ಅಲ್ಲಿದ್ದೆವು, ಈ ನಾಯಿ ಬೇರೆ ಊರಿನದು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ನಾನು ಹೆಂಗಸರ ಜೊತೆ ಮಾತಿಗೆ ಕೂತಿದ್ದೆ. ನಮ್ಮ ಮಾತು ಗೊತ್ತಲ್ಲ, ಭರತಿ ಏರಿ ನೀರು ಬಂದು ಸೀರೆ ಒದ್ದೆಯಾದರೂ ಮುಗಿಯುವುದಿಲ್ಲ. ತಿರುಗಿ ನೋಡಿದಾಗ ನಾಯಿ ಕುಡಿದವರ ಹಾಗೆ ತೂರಾಡುತ್ತ ಬರುತ್ತಿತ್ತು. ಆಟವಾಡುತ್ತಿದೆ ಅಂದುಕೊಂಡೆ. ಹಿಂಗಾಲು ಕುಸಿಯಿತು, ಆಮೇಲೆ ಮುಂಗಾಲು. ನಾನು ಓಡಿ ಮುಟ್ಟುವಷ್ಟರಲ್ಲಿ ಬಾಯಿಂದ ಜೊಲ್ಲು ಇಳಿಸಿಕೊಂಡು ಅಡ್ಡಬಿದ್ದಿತ್ತು. ಎತ್ತಿದರೆ ಕತ್ತು ಜೋತುಬಿತ್ತು. ಕೂಗಿದರೂ ಕಿವಿ ಅಲುಗಲಿಲ್ಲ, ಎದೆ ಏಳುವುದೂ ಕಾಣಲಿಲ್ಲ. ಕಣ್ಣು ಮಾತ್ರ ತೆರೆದೇ ಇತ್ತು.

ಕಾಕಾ ಬಂದವನೇ ಮರಳಿನ ಮೇಲೆ ಅರ್ಧ ಉಳಿದಿದ್ದ ಮೀನನ್ನು ಕಾಲಿನಿಂದ ಹೊರಳಿಸಿದ.

"ಅಯ್ಯೋ ದೇವ್ರೇ, ಇದ್ನ ತಿಂದದೆ. ಮುಗೀತು ಮಗಾ. ಇದು ತಿಂದದ್ದು ಉಳಿಯೂದಿಲ್ಲ."

ಮುಗೀತು ಎಂದರೆ ಏನು? ಈಗ ತಾನೇ ತೆರೆಯ ಮೇಲೆ ಹಾರಿಬಿದ್ದು ಬೊಗಳುತ್ತಿತ್ತಲ್ಲ! ನಾನು ಹಾಗೇ ಕಿರುಚಿದೆನಂತೆ. ನನಗೆ ನೆನಪಿಲ್ಲ, ಹೆಂಗಸರು ಆಮೇಲೆ ಹೇಳಿದ್ದು.

ನಮ್ಮ ದಂಡೆಯಲ್ಲಿ ನಾಯಿ ಸತ್ತರೆ ತಡಮಾಡದೆ ಹೂಳುತ್ತಾರೆ. ಬಿಟ್ಟರೆ ಭರತಿ ಒಯ್ದು ಮಾರನೆಯ ದಿನ ಬಲೆಯಲ್ಲೇ ತಂದು ಹಾಕುತ್ತದೆ. ಈ ಕೆಲಸಕ್ಕೆ ಬೇರೆಯವರು ಮೂಗು ಮುಚ್ಚಿಕೊಳ್ಳುವುದರಿಂದ ಮೊದಲಿನಿಂದಲೂ ಕಾಕಾನೇ ಮಾಡುವುದು. ಅವನು ಸಲಿಕೆ ತಂದು ಗಾಳಿಮರದ ಬುಡದಲ್ಲಿ ಹೊಂಡ ತೆಗೆದ. ನನ್ನ ತೊಡೆಯಿಂದ ನಾಯಿಯನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ಒಳಗೆ ಮಲಗಿಸಿದ. ಕಲ್ಲುಮನಸ್ಸಿನವನಲ್ಲ ನಮ್ಮ ಕಾಕಾ. ಕಾಲು ಮಡಚಿ ನೆಟ್ಟಗೆ ಮಲಗಿಸಿ, ತಲೆಯನ್ನೊಮ್ಮೆ ಸವರಿ, ಮೊದಲ ಸಲಿಕೆ ಮರಳು ಹಾಕಿದ.

ಕೊನೆಗೊಮ್ಮೆ ನೋಡೋಣವೆಂದು ನಾನು ಹೊಂಡದ ಅಂಚಿನಲ್ಲಿ ಕೂತಿದ್ದೆ. ಮರಳು ಕಣ್ಣಿನ ಮೇಲೆ ಬಿತ್ತು. ಆ ರೆಪ್ಪೆ ನಡುಗಿತು. ಮುಚ್ಚಲು ನೋಡಿ, ಆಗದೆ, ಮತ್ತೆ ನಡುಗಿತು.

"ಕಾಕಾ, ಹಾಕ್ಬೇಡ! ಜೀವ ಅದೆ!"

ಹೊಂಡಕ್ಕೆ ಹಾರಿ ಎದೆಯ ಮೇಲೆ ಕೈಯಿಟ್ಟೆ. ಒಳಗೆ ಹೃದಯ ಬಡಿಯುತ್ತಿತ್ತು, ಮೂಗಿಗೆ ಬೆರಳು ಹಿಡಿದರೆ ನೂಲಿನಷ್ಟು ಉಸಿರಿತ್ತು. ಸಂತೋಷವಾಯಿತು ಎಂದು ಬರೆದರೆ ಸುಳ್ಳಾದೀತು. ಆಗ ಆದದ್ದು ಬರೀ ಭಯ.

ಭಾನುವಾರ ಕಾರವಾರದಲ್ಲಿ ಫೋನು ಎತ್ತಿದವರಿಲ್ಲ. ಅಂಕೋಲೆಯ ಪಶುವೈದ್ಯೆಯೊಬ್ಬರು ಎತ್ತಿದರು. ಮೊದಲಿನ ಮನೆಯಲ್ಲಿದ್ದಾಗ ನಾಯಿಗೆ ಚುಚ್ಚುಮದ್ದು ಕೊಟ್ಟವರು ಅವರೇ. ನಾನು ಅರ್ಧ ಹೇಳುವಷ್ಟರಲ್ಲೇ ಅವರು, "ಬಾಯಿ ಗಟ್ಟಿ ಮುಚ್ಚಿ ಹಿಡೀರಿ. ಮೂಗಿನಿಂದ ಊದಿ. ಎದೆ ಏಳೋದು ಕಾಣ್ಬೇಕು. ಊದ್ತಾನೇ ಬನ್ನಿ," ಎಂದರು.

ಕಾಕಾ ಟೆಂಪೋ ಓಡಿಸಿದ. ಹಿಂದೆ ಖಾಲಿ ಮೀನಿನ ಪೆಟ್ಟಿಗೆಗಳ ನಡುವೆ ಕೂತು ನಾನು ಊದಿದೆ. ಮೂಗಿನಲ್ಲಿ ಮರಳು, ನನ್ನ ಬಾಯಲ್ಲೂ ಮರಳು. ಹೆದ್ದಾರಿಯ ತಿರುವುಗಳಲ್ಲಿ ನಾವಿಬ್ಬರೂ ಆ ಕಡೆ ಈ ಕಡೆ ಉರುಳುತ್ತಿದ್ದೆವು. ಊದುವುದರ ನಡುವೆ ಬೈದೆ, "ನಿನ್ನ ಹೊಟ್ಟೆ ಸುಡ್ಲಿ, ಆಯಿ ಹಾಕಿದ ಬಂಗಡೆ ಸಾಲ್ಲಿಲ್ವಾ ನಿಂಗೆ?" ಬೈಯುವುದು ನಿಲ್ಲಿಸಿದರೆ ಅಳು ಬರುತ್ತಿತ್ತು, ಅತ್ತರೆ ಊದಲಾಗುತ್ತಿರಲಿಲ್ಲ.

ವೈದ್ಯೆ ಗಂಟಲಿಗೆ ಕೊಳವೆ ಇಳಿಸಿ, ಅದಕ್ಕೆ ರಬ್ಬರಿನ ಚೀಲವೊಂದನ್ನು ಸಿಕ್ಕಿಸಿದರು. ಕೈಯಿಂದ ಒತ್ತಿದರೆ ಗಾಳಿ ಒಳಗೆ ಹೋಗುತ್ತದೆ. "ಈ ವಿಷಕ್ಕೆ ಮದ್ದಿಲ್ಲ. ತಾನಾಗಿ ಇಳೀಬೇಕು. ಅಲ್ಲೀತನಕ ಇದರ ಉಸಿರು ನಾವು ಎಳೀಬೇಕು." ನನ್ನ ಕೈ ಸೋತಾಗ ಕಾಕಾ ಚೀಲ ತೆಗೆದುಕೊಂಡ. ಬಲೆಯ ಹಗ್ಗ ಎಳೆದೂ ಎಳೆದೂ ಬೆರಳು ನೆಟ್ಟಗೆ ಚಾಚಲಾರದಂತಾದ ಕೈ ಅದು. ಆಮೇಲೆ ಯಾರು ಕೇಳಿದರೂ ಕೊಡಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಾಲದ ತುದಿ ಅಲುಗಿತು. ನನಗೆ ಭ್ರಮೆ ಅನಿಸಿತು, ವೈದ್ಯೆಯೂ ನೋಡಿದರು. ಸ್ವಲ್ಪ ಹೊತ್ತಿಗೆ ಎದೆ ತಾನೇ ಏಳತೊಡಗಿತು. ನಾನು ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ವೈದ್ಯೆ ಖುಷಿಯಲ್ಲಿ ನಾಯಿಯ ಕಿವಿ ಹಿಂಡುತ್ತ ಹೇಳಿದರು, "ಪಾಪ, ಇಷ್ಟೂ ಹೊತ್ತು ಇದಕ್ಕೆ ಎಚ್ಚರ ಇತ್ತು ನೋಡಿ. ಈ ವಿಷ ಮೈಯನ್ನ ಕಟ್ಟಿಹಾಕ್ತದೆ, ಮಿದುಳನ್ನ ಮುಟ್ಟೋದಿಲ್ಲ. ನಿಮ್ಮ ಮಾತೆಲ್ಲ ಇದಕ್ಕೆ ಕೇಳಿಸ್ತಾನೇ ಇತ್ತು."

ನನ್ನ ಅಳು ನಿಂತುಹೋಯಿತು. ಹಾಗಾದರೆ ಸಲಿಕೆಯ ಸದ್ದು? ಮುಗೀತು ಅಂದದ್ದು? ಕಾಕಾನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅವನು ಎದ್ದು ಟೆಂಪೋದ ಹತ್ತಿರ ಹೋಗಿ ನಿಂತ.

ಮನೆಗೆ ತಂದ ಮೇಲೆ ಕೆಲವು ದಿನ ಅದಕ್ಕೆ ಗಂಜಿಯ ತಿಳಿಯೇ ಗತಿ. ಆಯಿ ಚಮಚೆಯಲ್ಲಿ ಕುಡಿಸುತ್ತಿದ್ದಳು, ಕುಡಿಸುವಾಗಲೆಲ್ಲ ನನ್ನನ್ನು ಬೈಯುತ್ತಿದ್ದಳು. ಹಿಂಗಾಲಿಗೆ ಬಲ ಬರುವುದು ತಡವಾಯಿತು. ಹೊಟ್ಟೆಯ ಕೆಳಗೆ ಹಳೆಯ ಪಂಚೆ ತೂರಿಸಿ, ಎತ್ತಿ ಹಿಡಿದು ಅಂಗಳದಲ್ಲಿ ನಡೆಸಿದೆ. ಕಾಕಾ ದಿನಾ ಬಂದು ಮೆಟ್ಟಿಲ ಹತ್ತಿರ ನಿಂತು ನೋಡಿ ಹೋಗುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ತಮಾಷೆಗೆ ಕರೆದರೂ ನಗುತ್ತಿರಲಿಲ್ಲ.

ನಾಯಿ ಯಾರ ಆಸರೆಯೂ ಇಲ್ಲದೆ ಅಂಗಳ ದಾಟಿದ ದಿನ ಕಾಕಾ ಅಲ್ಲೇ ಇದ್ದ. ನಾನು ಚಪ್ಪಾಳೆ ತಟ್ಟಿದೆ. ಕಾಕಾ ಮೆಟ್ಟಿಲ ಮೇಲೆ ಕೂತ.

"ಮಗಾ, ನಮ್ಮ ದಂಡೆ ನಾಯಿ ಆ ಮೀನು ಮುಟ್ಟೂದಿಲ್ಲ ಅಂತಿದ್ವಲ್ಲ. ದೊಡ್ಡವು ಮುಟ್ಟೂದಿಲ್ಲ. ಮರಿ ಮುಟ್ತಾವೆ. ಮಳೆಗಾಲ ಮುಗ್ದು ಬಲೆ ಹಾಕೂಕೆ ಶುರುವಾದ್ರೆ ಎಲ್ಲಾ ವರ್ಷ ಒಂದೆರಡು ಮರಿ ಬೀಳ್ತಾವೆ. ಎತ್ಕಂಡ್ ಹೋಗಿ ಹೂಳೂದು ನಾನೇ."

ನಾನು ಹೂಂ ಎಂದೆ. ಅವನು ನಾಯಿಯನ್ನೇ ನೋಡುತ್ತಿದ್ದ.

"ಅವೆಲ್ಲಾ ಸತ್ತೇ ಹೋಗಿದ್ವನೇ?"