ರೊಟ್ಟಿಯ ನಡುವಿನ ಕಾಗದ

ಗೆಳೆಯನದೊಂದು ಕಾಗದವನ್ನು ನಾನು ಮುಚ್ಚಿಟ್ಟೆ. ಬೆಲೆ ಹೇಳದೆ ಮಾತು ಶುರು ಮಾಡುವ ಅಭ್ಯಾಸ ನನಗಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅವನ ಎಂ.ಎಸ್ಸಿ. ಓದು ಎರಡು ವರ್ಷ ನಿಂತುಹೋಯಿತು. ಅವನ ತಾಯಿ ಏಳು ವರ್ಷ ತನ್ನ ಕೈಯನ್ನೇ ನಂಬದಾದಳು. ಯಾಕೆ ಮುಚ್ಚಿಟ್ಟೆ ಎಂದರೆ — ಹಾಸ್ಟೆಲಿನಲ್ಲಿ ಒಂದೇ ಸೀಟು ಉಳಿದಿದೆ ಎಂದು ತಿಳಿದಿದ್ದೆ, ಆ ಸೀಟು ನನಗೆ ಬೇಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ಹಾಸ್ಟೆಲಿನ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಏನಾದರೂ ಬರೆಯಬೇಕು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ. ಗ್ರಂಥಾಲಯದ ಎತ್ತರದ ಕಿಟಕಿ, ಗುಲ್‌ಮೊಹರಿನ ಸಾಲು, ಮೆಸ್ಸಿನ ರವಿವಾರದ ಊಟ — ಅವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ನಾನು ಕುಂದಗೋಳದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನು. ದಿನವಿಡೀ ಚೌಕಾಶಿಯೇ ನನ್ನ ಉದ್ಯೋಗ. ಇಲ್ಲಿ ಮಾತ್ರ ಚೌಕಾಶಿ ಮಾಡುವುದಿಲ್ಲ.

ಎಂಬತ್ತೆರಡರ ಮಳೆಗಾಲ. ಕುಬಿಹಾಳದ ಕಡೆಯ ನಮ್ಮ ಸಣ್ಣ ಊರಿನಿಂದ ಧಾರವಾಡಕ್ಕೆ ಓದಲು ಹೋದವರು ಇಬ್ಬರೇ. ನಾನು ಎಂ.ಕಾಂ.ಗೆ, ಮಲ್ಲಪ್ಪ ಸಸ್ಯಶಾಸ್ತ್ರಕ್ಕೆ. ನಮ್ಮಪ್ಪ ದನದ ಸಂತೆಯಲ್ಲಿ ದಲಾಲ. ಮಲ್ಲಪ್ಪನ ಮನೆಯವರದು ಕುರಿ. ಕುರಿ ಕಾಯುತ್ತ ಬೆಳೆದವನಿಗೆ ಯಾವ ಹುಲ್ಲು ಯಾವ ತಿಂಗಳು ಹೂ ಬಿಡುತ್ತದೆ ಎಂಬುದು ಬಾಯಿಪಾಠ. ಅವನು ಹುಲ್ಲನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಣಗಿಸಿಕೊಂಡು ತರಗತಿಗೆ ಒಯ್ದರೆ, ಪಾಠ ಹೇಳುವವರೇ ಎದ್ದು ಬಂದು ನೋಡುತ್ತಿದ್ದರು.

ಆಗ ಹುಡುಗರ ಹಾಸ್ಟೆಲ್ ಎಂದರೆ ಹಳೆಯ ಕಲ್ಲಿನ ಕಟ್ಟಡವೊಂದೇ. ಬಾಜುವಿಗೆ ಹೊಸದೊಂದು ಏಳುತ್ತಿತ್ತು. ಮೇಲಿನ ಅಂತಸ್ತಿನ ಕಿಟಕಿಗಳಿಗೆ ಇನ್ನೂ ಬಾಗಿಲು ಬಂದಿರಲಿಲ್ಲ. ಸೀಟು ಸಿಗುವ ತನಕ ನಾವಿಬ್ಬರೂ ವಿಶ್ವವಿದ್ಯಾಲಯದ ಗುಡ್ಡದ ಕೆಳಗೆ ಒಂದು ಬಾಡಿಗೆ ಖೋಲಿಯಲ್ಲಿದ್ದೆವು. ಊಟ ಊರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ರಾತ್ರಿ ನಮ್ಮೂರಲ್ಲೇ ತಂಗಿ ನಸುಕಿಗೆ ಹೊರಡುವ ವಸ್ತಿ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ ಬುತ್ತಿಯ ಗಂಟುಗಳು. ಒಂದರ ಮೇಲೂ ಹೆಸರಿಲ್ಲ, ಗಂಟಿನ ಅರಿವೆಯೇ ಗುರುತು. ನಮ್ಮದು ಕೆಂಪು ಚೌಕಡಿ, ಮಲ್ಲಪ್ಪನದು ಅವನ ತಾಯಿಯ ಹಳೆಯ ಹಸಿರು ಸೀರೆಯ ತುಂಡು. ಬಸ್ ಸ್ಟ್ಯಾಂಡಿಗೆ ಹೋಗಿ ಎರಡನ್ನೂ ತರುವುದು ಒಂದು ದಿನ ನಾನು, ಒಂದು ದಿನ ಅವನು. ಜೀವ ಹಿಡಿದದ್ದೇ ಆ ಗಂಟುಗಳಿಂದ. ಅವುಗಳಲ್ಲಿ ರೊಟ್ಟಿಯ ಜೊತೆ ಔಷಧವೂ ಬರುತ್ತಿತ್ತು, ಪತ್ರವೂ ಬರುತ್ತಿತ್ತು. ಒಬ್ಬರ ಗಂಟನ್ನು ಇನ್ನೊಬ್ಬರು ದಾರಿಯಲ್ಲಿ ಬಿಚ್ಚುವುದು — ಅದು ನಮ್ಮಲ್ಲಿ ಇರಲಿಲ್ಲ.

ವಿದ್ಯಾರ್ಥಿ ಕಲ್ಯಾಣ ವಿಭಾಗದಲ್ಲಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದೆವು. ಮನೆಯ ಉತ್ಪನ್ನ, ಅಂದರೆ ಆದಾಯ, ಕಡಿಮೆ ಎಂದು ತಹಶೀಲ್ದಾರರು ಬರೆದುಕೊಟ್ಟ ದಾಖಲೆ ತಂದರೆ ಸೀಟೂ ಉಂಟು, ಮೆಸ್ಸಿನ ಊಟವೂ ಬಿಟ್ಟಿ. ನನ್ನ ದಾಖಲೆ ಆಗಲೇ ಕೊಟ್ಟಾಗಿತ್ತು. ಮಲ್ಲಪ್ಪನದು ಊರಿನಿಂದ ಬರಬೇಕಿತ್ತು. ಕೊನೆಯ ದಿನದ ಹಿಂದಿನ ದಿನ ವಿಚಾರಿಸಲು ಹೋದಾಗ ಅಲ್ಲಿಯ ಗುಮಾಸ್ತರು ತಲೆ ಎತ್ತದೆ, "ಒಂದಽ ಉಳದೈತಿ ನೋಡ್ರಿ" ಎಂದರು. ಏನು ಒಂದು ಎಂದು ಕೇಳಲಿಲ್ಲ. ಸಂತೆಯಲ್ಲಿ ಬೆಳೆದವನು ನಾನು. ಒಂದು ಹೋರಿ, ಇಬ್ಬರು ಗಿರಾಕಿ — ತಲೆಯಲ್ಲಿ ಅಷ್ಟೇ ಓಡಿತು.

ಮರುದಿನ ಬುತ್ತಿಯ ಪಾಳಿ ನನ್ನದು. ಖೋಲಿಗೆ ಬರುವ ದಾರಿಯಲ್ಲಿ ಹುಣಸೆ ಮರದ ಕೆಳಗೆ ಕೂತು ಹಸಿರು ಗಂಟು ಬಿಚ್ಚಿದೆ. ಹಸಿವಿನಿಂದ ಬಿಚ್ಚಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೇಲೆ ಎರಡು ಒಣಗಿದ ಕಟಿ ರೊಟ್ಟಿ, ಕೆಳಗೆ ಎರಡು, ನಡುವೆ ತಹಶೀಲ್ದಾರರ ಕಾಗದ. ಎಣ್ಣೆ ತಾಗದಿರಲಿ ಎಂದು ಚಟ್ನಿಯನ್ನು ಬೇರೆ ಕಟ್ಟಿದ್ದರು. ಕಾಗದವನ್ನು ಅಂಗಿಯ ಒಳಗೆ ಇಟ್ಟುಕೊಂಡು, ಆ ತಾಯಿ ಹಾಕಿದಂತೆಯೇ ಗಂಟು ಹಾಕಿದೆ.

ಮಲ್ಲಪ್ಪ ಖೋಲಿಯ ಬಾಗಿಲಲ್ಲೇ ನಿಂತಿದ್ದ.

"ಕಾಗದ ಬಂತೇನಲೇ, ಈರ್ಯಾ?"

"ಇಲ್ಲಲೇ. ಬರೇ ರೊಟ್ಟಿ."

ಅವನು ಗಂಟು ಬಿಚ್ಚಿ ಒಂದೊಂದೇ ರೊಟ್ಟಿ ಎತ್ತಿ ನೋಡಿದ. ಆಮೇಲೆ ತನ್ನಷ್ಟಕ್ಕೆ, "ಅವ್ವ ಮರತಾಳ. ಆಕಿಗೇನ್ ತಿಳೀತೈತಿ ಕಾಗದ ಅಂದ್ರ" ಎಂದ. ತಪ್ಪು ಇನ್ನೊಬ್ಬರ ಮೇಲೆ ಹೋಗಿ ಕೂತದ್ದು ಆ ಗಳಿಗೆಯಲ್ಲಿ. ನಾನು ಚಟ್ನಿ ಹಚ್ಚಿಕೊಂಡು ಉಣ್ಣುತ್ತಿದ್ದೆ.

ಒಂದು ಸುಳ್ಳಿಗೇ ನಿಂತಿದ್ದರೆ ಆ ವಯಸ್ಸಿನ ಅವಸರ ಎಂದು ನೀವು ಬಿಡುತ್ತಿದ್ದಿರೇನೋ. ನಿಲ್ಲಲಿಲ್ಲ. ವಾರದ ಮೇಲೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಟ್ರಂಕು ಹೊತ್ತುಕೊಂಡು ಹಾಸ್ಟೆಲಿಗೆ ಹೋದರೆ ವಾರ್ಡನ್ನರು ನನ್ನನ್ನು ನಿಲ್ಲಿಸಿ ಹೇಳಿದರು: "ನಿಮ್ಮೂರಿನ ಮಲ್ಲಪ್ಪನ ಅರ್ಜಿ ಅದ, ದಾಖಲೆ ಇಲ್ಲ. ಹೊಸ ಕಟ್ಟಡದಾಗ ಜಾಗಾ ಬೇಕಾದಷ್ಟು ಅದ. ನಾಳೆ ತಂದ್ರೂ ನಡೀತದ, ಹೇಳು ಅವಗ."

ಅಂದರೆ ಗುಮಾಸ್ತರು ಹೇಳಿದ ಒಂದು, ಹಳೆಯ ಕಟ್ಟಡದ ಮಾತು. ದಾಖಲೆ ತಂದವರೆಲ್ಲರಿಗೂ ಸೀಟಿತ್ತು, ಊಟವಿತ್ತು. ಇಬ್ಬರೂ ಗಿರಾಕಿಗಳಲ್ಲ, ಅದು ಸಂತೆಯೂ ಅಲ್ಲ. ಕಾಗದ ನನ್ನ ಟ್ರಂಕಿನಲ್ಲೇ, ಅದೇ ಗಳಿಗೆಯಲ್ಲಿ, ನನ್ನ ಕಾಲ ಬುಡದಲ್ಲೇ ಇತ್ತು. ತೆಗೆದು ಕೊಟ್ಟರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ —

"ಅವರ ಮನ್ಯಾಗ ಮಾಡಿಸಿಲ್ರಿ, ಸರ್" ಎಂದೆ.

ಗಡುವು ಮುಗಿಯಿತೆಂದೇ ತಿಳಿದ ಮಲ್ಲಪ್ಪ ಇನ್ನೊಂದು ದಾಖಲೆ ಮಾಡಿಸಲು ಹೋಗಲಿಲ್ಲ. ಆಮೇಲೆ ಮಳೆ ಹಿಡಿಯಿತು. ನಮ್ಮದು ಎರೆಭೂಮಿ. ಜೋರು ಮಳೆಗೆ ರಸ್ತೆ ಅಂಟಿನಂತಾದರೆ ಬಸ್ಸು ಊರಿಗೆ ಬರುವುದೇ ಇಲ್ಲ. ಬಸ್ಸಿಲ್ಲದಿದ್ದರೆ ಬುತ್ತಿಯಿಲ್ಲ. ಮಲ್ಲಪ್ಪ ಒಂದು ದಿನದ ರೊಟ್ಟಿಯನ್ನು ಮೂರು ದಿನ ತಿಂದ. ನಾನು ಮೆಸ್ಸಿನಿಂದ ಅವನಿಗೆ ಅನ್ನ ಒಯ್ದು ಕೊಟ್ಟದ್ದೂ ಉಂಟು — ಇದನ್ನು ಬರೆಯಬಾರದಿತ್ತು, ಒಳ್ಳೆಯವನೆನ್ನಿಸಿಕೊಳ್ಳುವ ಆಸೆ ಇನ್ನೂ ಹೋಗಿಲ್ಲ ನೋಡಿ. ದೀಪಾವಳಿಗೆ ಊರಿಗೆ ಹೋದ ಮಲ್ಲಪ್ಪ ತಿರುಗಿ ಬರಲಿಲ್ಲ. ಕುರಿಯ ಹಿಂದೆ ಹೋದ.

ಅವನು ಹಾಗೇ ಉಳಿಯಲಿಲ್ಲ ಎಂಬುದು ನನ್ನ ಪುಣ್ಯವಲ್ಲ, ಅವನ ಗಟ್ಟಿತನ. ಅವನ ಹುಲ್ಲಿನ ಹಾಳೆಗಳು ವಿಭಾಗದ ಕಪಾಟಿನಲ್ಲಿ ಉಳಿದಿದ್ದವು. ಅವನ್ನು ಮರೆಯದ ಮೇಷ್ಟ್ರೊಬ್ಬರು ಎರಡು ವರ್ಷದ ಮೇಲೆ ಪತ್ರ ಬರೆದು ಕರೆಸಿದರು. ಕಲ್ಯಾಣ ವಿಭಾಗದವರು ಹೊಸ ಕಟ್ಟಡದಲ್ಲಿ ಸೀಟು ಕೊಟ್ಟರು. ಓದು ಮುಗಿಸಿದ. ಈಗ ದುಮ್ಮವಾಡದ ಕಡೆ ವಿಜ್ಞಾನದ ಮಾಸ್ತರ. ನಮ್ಮ ಗೆಳೆತನವೂ ಉಳಿದಿತ್ತು. ಅವನ ಕಡೆಯಿಂದ ಪೂರ್ತಿ, ನನ್ನ ಕಡೆಯಿಂದ ಒಂದು ಕಾಗದದಷ್ಟು ಕಡಿಮೆ.

ಈ ವರ್ಷ ಅವನ ತಂಗಿ ಶಾಂತವ್ವ ಅದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಹುಡುಗಿಯರಿಗೆ ಈಗ ಬೇರೆ ಹಾಸ್ಟೆಲ್ ಇದೆ. ನಾನು ಮಾಲು ತರಲು ಧಾರವಾಡಕ್ಕೆ ಹೊರಟಿದ್ದು ತಿಳಿದು ಮಲ್ಲಪ್ಪ ಹೇಳಿ ಕಳಿಸಿದ್ದ: ಮನೆಯಲ್ಲಿ ತಂಗಿಯ ಉತ್ಪನ್ನದ ದಾಖಲೆ ಇದೆ, ಅವ್ವನ ಕಡೆಯಿಂದ ತಗೊಂಡು ಕಚೇರಿಗೆ ಮುಟ್ಟಿಸು. ಎಲ್ಲ ಬಿಟ್ಟು ನನ್ನ ಕೈಗೆ.

ಊರಿಗೆ, ಅವರ ಮನೆಗೆ ಹೋದೆ. ಮಲ್ಲಪ್ಪನ ತಾಯಿ ಯಲ್ಲವ್ವಕಾಕು ರೊಟ್ಟಿ ಬಡಿಯುತ್ತಿದ್ದವಳು ಎದ್ದಳು, ಗೋಡೆಯ ಗೂಡಿನ ತನಕ ಬಂದು ನಿಂತಳು.

"ಅಲ್ಲೈತಿ, ನೀನಽ ತಗೋ ತಮ್ಮಾ. ನಾ ಮುಟ್ಟಂಗಿಲ್ಲ. ಕಾಗದ ಕಳಿಯೂ ಕೈ ಇದು."

ನಗುತ್ತಲೇ ಹೇಳಿದಳು. ಏಳು ವರ್ಷ ಹೇಳಿ ಹೇಳಿ ಅದು ಮನೆಯ ನಗೆಯ ಮಾತಾಗಿಬಿಟ್ಟಿತ್ತು. ನಾನು ಶಾಂತವ್ವನ ಕಾಗದ ಮುಟ್ಟಲಿಲ್ಲ. ನಾಳೆ ಬರುತ್ತೇನೆ ಎಂದು ಹೊರಗೆ ಬಂದೆ. ನಮ್ಮ ಮನೆಗೆ ಹೋಗಿ ಟ್ರಂಕಿನ ತಳದಿಂದ ಹಳೆಯ ಕಾಗದ ತೆಗೆದುಕೊಂಡು ನೇರ ಮಲ್ಲಪ್ಪನ ಶಾಲೆಗೆ ಹೋದೆ. ಅದನ್ನು ಯಾಕೆ ಸುಡಲಿಲ್ಲ, ಗೊತ್ತಿಲ್ಲ. ಎಲ್ಲವನ್ನೂ ಹೇಳಿದೆ, ವಾರ್ಡನ್ನರಿಗೆ ಹೇಳಿದ್ದನ್ನೂ. ಅವನು ಬೈಯಲಿಲ್ಲ. ಕಾಗದವನ್ನು ಎರಡು ಸಲ ಓದಿದ. ಮಡಿಸಿ ನನ್ನ ಕೈಗೇ ತಿರುಗಿ ಕೊಟ್ಟ.

"ನನಗ ಹೇಳಿದ್ದು ಸಾಕು. ಇದನ್ನ ಅವ್ವಗ ಹೇಳು. ನಾ ಆಕಿಗೆ ಏನೇನ್ ಅಂದೇನಿ, ನಿನಗೇನ್ ಗೊತ್ತು."

ಮರುದಿನ ಇಬ್ಬರೂ ಹೋದೆವು. ಹೇಳಿದೆ. ಯಲ್ಲವ್ವಕಾಕುಗೆ ಓದಲು ಬರುವುದಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಶುಭದ ಕಾಗದವೆಂದು, ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಅರಿಷಿಣ ಹಚ್ಚಿದ್ದಳಂತೆ. ಮಾಸಿತ್ತು, ಹೋಗಿರಲಿಲ್ಲ. ನಾನು ಏಳು ವರ್ಷ ಅದನ್ನು ಎಣ್ಣೆಯ ಕಲೆ ಎಂದುಕೊಂಡಿದ್ದೆ.

"ಹಂಗಾರ ನಾ ಇಟ್ಟಿದ್ದೆ" ಎಂದಳು. ಮಗನ ಕಡೆ ತಿರುಗಿ ಮತ್ತೆ, "ಮಲ್ಲೂ, ನಾ ಇಟ್ಟಿದ್ದೆ."

ಮಲ್ಲಪ್ಪ ತಾಯಿಯ ಕೈ ಹಿಡಿದುಕೊಂಡ. ನಾನು ಅಲ್ಲಿ ಇರಬಾರದಿತ್ತು. ಎದ್ದು ಹೋಗುವ ಹಕ್ಕೂ ಇರಲಿಲ್ಲ.

ಆಮೇಲೆ ಅವಳು ಕೈ ತೊಳೆದುಕೊಂಡು, ಗೂಡಿನಿಂದ ಮಗಳ ಕಾಗದವನ್ನು ತಾನೇ ತೆಗೆದು, ಮೂಲೆಗೆ ಅರಿಷಿಣ ಹಚ್ಚಿದಳು. ನಾನು ಕೈ ಚಾಚಿದೆ. "ನಿನ್ನ ಕೈಯಾಗ ಕೊಡಂಗಿಲ್ಲ" ಎಂದಳು, "ನಾನಽ ಬರ್ತೀನಿ. ನೀ ದಾರಿ ತೋರಸು, ಸಾಕು."

ಮರುದಿನ ವಸ್ತಿ ಬಸ್ಸಿನಲ್ಲಿ ಬಂದಳು. ಗುಡ್ಡ ಹತ್ತಿದಳು. ಕಚೇರಿಯ ಕಿಟಕಿಯಲ್ಲಿ ತಾನೇ ಕೈ ಹಾಕಿ ಕಾಗದ ಕೊಟ್ಟಳು, ಮುಟ್ಟಿದ್ದಕ್ಕೆ ಚೀಟಿ ಕೇಳಿ ಪಡೆದಳು. ಶಾಂತವ್ವನಿಗೆ ಸೀಟು ಸಿಕ್ಕಿದೆ. ನನಗೆ ಕ್ಷಮೆ ಸಿಕ್ಕಿದೆಯೋ ಇಲ್ಲವೋ, ಕೇಳಿಲ್ಲ. ಕೇಳುವ ವಸ್ತುವಲ್ಲ ಅದು.

ಈ ಸಂಚಿಕೆ ಓದುವ ಹುಡುಗರೇ, ಹುಡುಗಿಯರೇ, ಅವರ ಮನೆಯವರೇ — ಸಲಹೆ ಕೊಡುವ ಚಟ ನನಗಿದೆ, ಈ ಸಲ ಕೊಡುವ ಬಾಧ್ಯತೆಯೂ ಇದೆ. ಒಂದೇ ಉಳಿದಿದೆ ಎಂದು ಯಾರಾದರೂ ಹೇಳಿದರೆ, ಏನು ಒಂದು ಎಂದು ನಿಂತು ಕೇಳಿ. ಗುಮಾಸ್ತರು ತಲೆ ಎತ್ತುವ ತನಕ ಕೇಳಿ. ಗೊತ್ತಾದದ್ದನ್ನು ಬಾಜು ಕೂತವನಿಗೆ ಅವತ್ತೇ ಹೇಳಿ. ದಾಖಲೆಗೆ ನಕಲು ಮಾಡಿಸಿ ಒಂದನ್ನು ಮನೆಯಲ್ಲಿಡಿ, ಕೊಟ್ಟದ್ದಕ್ಕೆ ಚೀಟಿ ಪಡೆಯಿರಿ. ಇನ್ನೊಬ್ಬರ ಕಾಗದ ನಿಮ್ಮ ಟ್ರಂಕಿನಲ್ಲಿದ್ದರೆ ಈ ವಾರವೇ ಒಯ್ದು ಕೊಡಿ, ತಡವಾಯಿತೆಂದು ಬಿಡಬೇಡಿ. ಬಸ್ಸಿನಲ್ಲಿ ರೊಟ್ಟಿ ಕಳಿಸಿ. ಕಾಗದವನ್ನು ಮಾತ್ರ ತಾಯಿಯನ್ನು ಕರೆದುಕೊಂಡು ಹೋಗಿ ಅವಳ ಕೈಯಿಂದಲೇ ಕೊಡಿಸಿ — ಮಗಳು ಇರುವ ಕಟ್ಟಡವನ್ನು ಅವಳೂ ಒಮ್ಮೆ ಒಳಗೆ ಹೋಗಿ ನೋಡಲಿ.